ಇಗಾರ್ಕದ ಮಕ್ಕಳು ಬರೆಯದೆ ಬಿಟ್ಟದ್ದು

ಸಹೋದರಿಯರೇ, ಅಡುಗೆಮನೆಯ ಒಲೆಯ ಕಾವಿಗೆ ನೆಲವೇ ಕರಗಿ ಮನೆ ವಾಲಿಬಿಡುವ ಊರೊಂದನ್ನು ಊಹಿಸಬಲ್ಲಿರಾ? ರಷ್ಯಾದ ಸೈಬೀರಿಯದಲ್ಲಿ, ಯೆನಿಸೇ ನದಿಯ ದಡದಲ್ಲಿರುವ ಇಗಾರ್ಕ ಅಂಥದೊಂದು ಊರು. ಉತ್ತರ ಧ್ರುವವೃತ್ತಕ್ಕಿಂತಲೂ ಮೇಲಿರುವ ಅಲ್ಲಿ ಮಣ್ಣು ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಬೇಸಿಗೆಯಲ್ಲಿ ಕರಗುವುದು ಮೇಲಿನ ಪದರ ಮಾತ್ರ. ಆದ್ದರಿಂದಲೇ ದೊಡ್ಡ ಕಟ್ಟಡಗಳನ್ನು ಕಂಬಗಳ ಮೇಲೆ ನಿಲ್ಲಿಸಿ, ಅಡಿಯಲ್ಲಿ ಗಾಳಿಯಾಡಲು ಜಾಗ ಬಿಡುತ್ತಾರೆ.

1929ರಲ್ಲಿ ಸೋವಿಯತ್ ಸರಕಾರ ಮರವನ್ನು ವಿದೇಶಕ್ಕೆ ಸಾಗಿಸಲೆಂದು ಈ ಬಂದರನ್ನು ಕಟ್ಟತೊಡಗಿತು. ನದಿಯಲ್ಲಿ ತೇಲಿ ಬಂದ ದಿಮ್ಮಿಗಳು ಇಲ್ಲಿನ ಮಿಲ್ಲುಗಳಲ್ಲಿ ಹಲಗೆಗಳಾಗಿ ಹಡಗು ಏರುತ್ತಿದ್ದವು. ನದಿಯ ಮಂಜು ಕರಗಿರುವ ಕೆಲವೇ ತಿಂಗಳು ಈ ವ್ಯಾಪಾರ. ಆದರೆ ಅಂಥ ಚಳಿಗೆ ದುಡಿಯಲು ಹೋಗುವವರು ಯಾರು? ಹಳ್ಳಿಯಲ್ಲಿ ತುಸು ಹೆಚ್ಚು ಜಮೀನು, ಒಂದೆರಡು ಹೆಚ್ಚು ಹಸುಗಳಿದ್ದ ರೈತರನ್ನು 'ಕುಲಾಕ್' ಎಂದು ಕರೆದು, ಮನೆಮಾರು ಕಿತ್ತುಕೊಂಡು, ಹೆಂಡತಿ ಮಕ್ಕಳ ಸಮೇತ ಗಡಿಪಾರು ಮಾಡಲಾಯಿತು. ಹಾಗೆ ಬಂದವರೇ ಇಗಾರ್ಕವನ್ನು ಕಟ್ಟಿದರು.

1936ರಲ್ಲಿ ಈ ಊರಿನ ಶಾಲಾ ಮಕ್ಕಳು ಪ್ರಸಿದ್ಧ ಸಾಹಿತಿ ಮ್ಯಾಕ್ಸಿಂ ಗಾರ್ಕಿಗೆ ಪತ್ರ ಬರೆದರು: ನಮ್ಮ ಬದುಕಿನ ಬಗ್ಗೆ ಪುಸ್ತಕ ಬರೆಯಬೇಕು, ಹೇಗೆ ಬರೆಯುವುದು? ಗಾರ್ಕಿ ಪ್ರೀತಿಯಿಂದ ಉತ್ತರಿಸಿದರು. ಅದೇ ಜೂನ್‌ನಲ್ಲಿ ಅವರು ತೀರಿಕೊಂಡರೂ 'ನಾವು ಇಗಾರ್ಕದವರು' ಎಂಬ ಅರ್ಥದ ಹೆಸರಿನಲ್ಲಿ ಪುಸ್ತಕ 1938ರಲ್ಲಿ ಹೊರಬಂತು. ಆದರೆ ಅಪ್ಪ ಅಮ್ಮ ಇಲ್ಲಿಗೆ ಹೇಗೆ ಬಂದರು ಎಂಬುದನ್ನು ಮಾತ್ರ ಬರೆಯುವಂತಿರಲಿಲ್ಲ. ಶಿಕ್ಷಕನಾದ ನನಗೆ ಆ ಬಿಟ್ಟುಹೋದ ಪುಟಗಳನ್ನೇ ಓದಬೇಕೆನಿಸುತ್ತದೆ.

1948ರಲ್ಲಿ ಲಿಥುವೇನಿಯದ ಕುಟುಂಬಗಳ ಸರದಿ. 1949ರಲ್ಲಿ ಸಾಲೆಖಾರ್ಡ್‌ನಿಂದ ಇಗಾರ್ಕಕ್ಕೆ ಕೈದಿಗಳಿಂದ ರೈಲುಮಾರ್ಗ ಹಾಕಿಸುವ ಕೆಲಸವೂ ಶುರುವಾಯಿತು. 1953ರ ಮಾರ್ಚ್‌ನಲ್ಲಿ ಸ್ಟಾಲಿನ್ ಸತ್ತ. ಕೆಲಸ ಅಲ್ಲಿಗೇ ನಿಂತಿತು. ಅದರ ಮುಖ್ಯ ಠಾಣೆಯಾಗಿದ್ದ, ಇದೇ ನದಿಯ ದಡದ ಯೆರ್ಮಾಕೊವೊ ಇಂದು ಕಾಡುಪಾಲು.

ಸೋವಿಯತ್ ಒಕ್ಕೂಟ ಒಡೆದ ಮೇಲೆ ಇಗಾರ್ಕದ ಮರದ ವ್ಯಾಪಾರವೂ ಕುಸಿಯಿತು. 1989ರಲ್ಲಿ 19 ಸಾವಿರದಷ್ಟಿದ್ದ ಜನ 2010ಕ್ಕೆ 6 ಸಾವಿರಕ್ಕಿಳಿದರು; ಆಮೇಲೂ ಇಳಿಯುತ್ತಲೇ ಇದ್ದಾರೆ. ಹಳೆಯ ಊರಿನ ಮರದ ಮನೆಗಳು ಖಾಲಿಯಾದವು.

ಉಳಿದಿರುವುದರಲ್ಲಿ ನೋಡುವಂಥದ್ದು ಹೆಪ್ಪುನೆಲದ ವಸ್ತುಸಂಗ್ರಹಾಲಯ. ಗಡಿಪಾರಾದವರ ಕಥೆಯನ್ನು ಈಗ ಅದು ಮುಚ್ಚಿಡದೆ ಹೇಳುತ್ತದೆ. ಅದರ ನೆಲಮಾಳಿಗೆಯ ಮಂಜಿನಲ್ಲಿ ಯುದ್ಧಕಾಲದ ಪತ್ರಿಕೆಗಳನ್ನು 1950ರಲ್ಲಿ ವಿಜ್ಞಾನಿಗಳು ಹುದುಗಿಸಿಟ್ಟಿದ್ದಾರೆ, 2045ರಲ್ಲಿ ತೆರೆಯಿರಿ ಎಂಬ ವಿನಂತಿಯೊಂದಿಗೆ.