ಸದ್ದು ನಿಲ್ಲಲಿ, ಭೂಸಂಪರ್ಕ ಉಳಿಯಲಿ

ರಾತ್ರಿ ತಾಳಮದ್ದಳೆಯ ಧ್ವನಿಮುದ್ರಣವನ್ನು ಕೇಳಲೆಂದು ಲ್ಯಾಪ್‌ಟಾಪನ್ನು ಮನೆಯ ಆಂಪ್ಲಿಫೈಯರಿಗೆ ಜೋಡಿಸಿದಾಗ, ಭಾಗವತರ ಪದಕ್ಕೂ ಮೊದಲೇ ಸ್ಪೀಕರಿನಿಂದ ‘ಗುಂಯ್’ ಎಂಬ ಸದ್ದು ಹೊರಡುವುದುಂಟು. ಪ್ಲಗ್ಗಿನ ಮೂರನೆಯ ಪಿನ್ನನ್ನು ಕಿತ್ತರೆ ಸದ್ದು ನಿಲ್ಲುತ್ತದೆಂದು ಸಲಹೆ ನೀಡುವವರೂ ಇದ್ದಾರೆ. ಸದ್ದೇನೋ ನಿಂತೀತು, ಅದರೊಡನೆ ಮನೆಮಂದಿಯ ರಕ್ಷಣೆಯೂ ಹೋಗುತ್ತದೆ.

ನಮ್ಮ ದೇಶದ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟಿನದು, ಆವೃತ್ತಿ 50 ಹರ್ಟ್ಸ್. ಎರಡು ಉಪಕರಣಗಳು ಬೇರೆ ಬೇರೆ ಸಾಕೆಟ್ಟುಗಳ ಮೂಲಕ ಭೂಸಂಪರ್ಕ ಪಡೆದಿದ್ದು, ಆಡಿಯೊ ಕೇಬಲ್ಲಿನ ಹೊರಹೆಣಿಗೆಯೂ ಅವನ್ನು ಜೋಡಿಸಿದಾಗ ಒಂದು ಮುಚ್ಚಿದ ಕುಣಿಕೆ ಏರ್ಪಡುತ್ತದೆ. ಎರಡು ಭೂಸಂಪರ್ಕಗಳ ನಡುವಣ ಅಲ್ಪ ವೋಲ್ಟೇಜು ಅದರಲ್ಲಿ ವಿದ್ಯುತ್ತನ್ನು ಹರಿಸಿ ಸಂಗೀತದೊಡನೆ ಬೆರೆಯುತ್ತದೆ. 50 ಹಾಗೂ 100 ಹರ್ಟ್ಸಿನ ಆ ನಾದವೇ ಈ ಗುಂಯ್‌ಕಾರ.

ಪ್ರೌಢಶಾಲೆಯ ಭೌತಶಾಸ್ತ್ರ ಪಾಠದಲ್ಲಿ ಬರುವ ಹಸಿರು ತಂತಿಯ ಕೆಲಸವೇ ಬೇರೆ. ಸಜೀವ ತಂತಿ ಸಡಿಲಗೊಂಡು ಉಪಕರಣದ ಲೋಹದ ಪೆಟ್ಟಿಗೆಗೆ ತಗಲಿದರೆ, ವಿದ್ಯುತ್ತು ಈ ತಂತಿಯ ಮೂಲಕ ಹರಿದು ಫ್ಯೂಸು ಹೋಗುತ್ತದೆ. ತಂತಿಯೇ ಇಲ್ಲದಿದ್ದರೆ ಪೆಟ್ಟಿಗೆ 230 ವೋಲ್ಟಿನಲ್ಲೇ ಉಳಿದು, ಮುಟ್ಟಿದವರ ಮೈಯೇ ವಿದ್ಯುತ್ತಿಗೆ ದಾರಿಯಾಗುತ್ತದೆ. ಆ ಅಪಾಯ ಆಡಿಯೊ ಕೇಬಲ್ಲಿನ ಮೂಲಕ ಇನ್ನೊಂದು ಉಪಕರಣಕ್ಕೂ ಹಬ್ಬೀತು.

ಸುರಕ್ಷಿತ ದಾರಿ ಹೀಗಿದೆ. ಮೊದಲು ಸ್ವಿಚ್ಚು ಆರಿಸಿ ಆಡಿಯೊ ಕೇಬಲ್ಲನ್ನು ತೆಗೆದು, ಆಂಪ್ಲಿಫೈಯರನ್ನು ಮಾತ್ರ ಚಾಲೂ ಮಾಡಬೇಕು. ಆಗಲೂ ಸದ್ದಿದ್ದರೆ ದೋಷ ಆಂಪ್ಲಿಫೈಯರಿನೊಳಗಿರುವ ಸಂಭವ ಹೆಚ್ಚು; ಅದು ರಿಪೇರಿಯವರ ಕೆಲಸ. ಪ್ಲಗ್ಗು ತೆಗೆದ ಮೇಲೂ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರುವುದರಿಂದ ಮನೆಯಲ್ಲಿ ಮುಚ್ಚಳ ಬಿಚ್ಚಬಾರದು. ಸದ್ದು ನಿಂತರೆ ಕೇಬಲ್ಲನ್ನು ಮತ್ತೆ ಜೋಡಿಸಿ, ಲ್ಯಾಪ್‌ಟಾಪಿನ ಚಾರ್ಜರನ್ನು ತೆಗೆದು ಬ್ಯಾಟರಿಯಲ್ಲಿ ನಡೆಸಿ ನೋಡಬೇಕು. ಆಗ ಸದ್ದಿಲ್ಲದಿದ್ದರೆ ಅದು ಚಾರ್ಜರಿನ ದಾರಿಯಾಗಿ ಬಂದದ್ದು. ಟಿ.ವಿ. ಇದ್ದಲ್ಲಿ ಕೇಬಲ್ ಕನೆಕ್ಷನ್ನಿನ ತಂತಿಯನ್ನೂ ತೆಗೆದು ಪರೀಕ್ಷಿಸಬಹುದು.

ಎಲ್ಲ ಉಪಕರಣಗಳನ್ನೂ ಸರಿಯಾದ ಭೂಸಂಪರ್ಕವಿರುವ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಜೋಡಿಸಿದರೆ ಎಷ್ಟೋ ಬಾರಿ ಸದ್ದು ಅಡಗುತ್ತದೆ. ಅಡಗದಿದ್ದರೆ ಆಡಿಯೊ ಕೇಬಲ್ಲಿನ ನಡುವೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಬಹುದು. ಅದರಲ್ಲಿ ಧ್ವನಿ ಕಾಂತೀಯ ಪ್ರೇರಣೆಯಿಂದ ದಾಟುತ್ತದೆ. ತಂತಿಯ ನೇರ ಸಂಪರ್ಕವಿಲ್ಲದ ಕಾರಣ ಕುಣಿಕೆ ಕಡಿಯುತ್ತದೆ. ಪ್ಲಗ್ಗನ್ನು ಮುಟ್ಟುವ ಅಗತ್ಯವೇ ಇಲ್ಲ.

ಮೂರನೆಯ ಪಿನ್ನು ಉಳಿದೆರಡಕ್ಕಿಂತ ಉದ್ದವೇಕೆಂದು ಮಕ್ಕಳು ಕೇಳಿದರೆ ಉತ್ತರ ಸರಳ: ರಕ್ಷಣೆ ಎಲ್ಲಕ್ಕಿಂತ ಮೊದಲು ಕೂಡಬೇಕು, ಕೊನೆಯಲ್ಲಿ ಬಿಡಬೇಕು.