ಹೊಸ ಔಷಧವನ್ನು ಒರೆಗೆ ಹಚ್ಚುವ ಬಗೆ: ಮೆಲನೋಮ ರೋಗದ ದೃಷ್ಟಾಂತ

ಮನೆಯಲ್ಲಿ ಯಾರಾದರೊಬ್ಬರು ಕಠಿನವಾದ ರೋಗಕ್ಕೆ ಗುರಿಯಾದಾಗ ಆಸ್ಪತ್ರೆಯವರು ಕೊಡುವ ಕಾಗದಗಳನ್ನು ಓದಿ ಉಳಿದವರಿಗೆ ಅವುಗಳ ಅರ್ಥವನ್ನು ತಿಳಿಸುವ ಭಾರವು ಬಹುಮಟ್ಟಿಗೆ ಆ ಮನೆಯ ಓದಿದ ಹೆಣ್ಣುಮಗಳ ಮೇಲೆಯೇ ಬೀಳುವುದೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಬಲ್ಲರು. ಅಂಥ ಕಾಗದಗಳಲ್ಲಿ ಹೊಸ ಚಿಕಿತ್ಸೆಯ ಪ್ರಯೋಗಕ್ಕೆ ಸಮ್ಮತಿಯನ್ನು ಬೇಡುವ ಕಾಗದವೂ ಒಂದು. ಅದನ್ನು ಕಂಡೊಡನೆ ಕೆಲವರು, ‘ನಮ್ಮವರನ್ನು ಇಲಿಮೊಲಗಳಂತೆ ಪರೀಕ್ಷಿಸುವರೇ?’ ಎಂದು ಬೆದರುವರು. ಮತ್ತೆ ಕೆಲವರು, ‘ಹೊಸತಾದುದರಿಂದ ಇದೇ ಮೇಲಾದುದಾಗಿರಬೇಕು’ ಎಂದು ನಂಬಿ ಓದದೆಯೇ ರುಜು ಹಾಕುವರು. ಈ ಭಯವೂ ಈ ಭರವಸೆಯೂ ಎರಡೂ ತಿಳಿವಳಿಕೆಯ ಕೊರತೆಯಿಂದಲೇ ಹುಟ್ಟುವಂಥವು. ಇಂಥ ಪ್ರಯೋಗಗಳು ನಡೆಯುವ ಕ್ರಮವನ್ನು ಒಂದೇ ರೋಗದ ಚರಿತ್ರೆಯಿಂದ ವಿವರಿಸುವುದು ಈ ಲೇಖನದ ಉದ್ದೇಶವಾಗಿದೆ.

ಮೆಲನೋಮ ಎಂಬುದು ಚರ್ಮದಲ್ಲಿ ತೋರುವ ಒಂದು ಬಗೆಯ ಕ್ಯಾನ್ಸರು. ನಮ್ಮ ಚರ್ಮಕ್ಕೆ ಬಣ್ಣವನ್ನು ಕೊಡುವ ಜೀವಕೋಶಗಳು ಕಟ್ಟು ಮೀರಿ ಬೆಳೆಯತೊಡಗಿದಾಗ ಇದು ಉಂಟಾಗುವುದು. ಬಿಳಿಯ ಚರ್ಮದವರು ಬಿಸಿಲಿನ ನಾಡಿನಲ್ಲಿ ವಾಸಿಸುವ ಆಸ್ಟ್ರೇಲಿಯ, ನ್ಯೂಜಿಲೆಂಡ್ ದೇಶಗಳಲ್ಲಿ ಇದು ಬಹಳ. ನಮ್ಮ ದೇಶದಲ್ಲಿ ವಿರಳ. ಆರಂಭದಲ್ಲಿಯೇ ಗುರುತಿಸಿ ಕತ್ತರಿಸಿ ತೆಗೆದರೆ ಹೆಚ್ಚಿನ ರೋಗಿಗಳು ಗುಣ ಹೊಂದುವರು. ಆದರೆ ಅದು ದುಗ್ಧಗ್ರಂಥಿಗಳನ್ನು ದಾಟಿ ಶ್ವಾಸಕೋಶ, ಯಕೃತ್ತು, ಮೆದುಳುಗಳಿಗೆ ಹಬ್ಬಿತೆಂದರೆ ಶಸ್ತ್ರಚಿಕಿತ್ಸೆಯೊಂದರಿಂದಲೇ ನೀಗದು. ಹೀಗೆ ಹಬ್ಬಿದ ರೋಗಕ್ಕೆ ಅಮೇರಿಕದಲ್ಲಿ ೧೯೭೫ನೆಯ ಇಸವಿಯಲ್ಲಿ ಡಕಾರ್ಬಜೀನ್ ಎಂಬ ಮದ್ದಿಗೆ ಅನುಮತಿ ದೊರೆಯಿತು. ಅದರಿಂದ ಗಡ್ಡೆ ಕುಗ್ಗಿದವರು ಕೆಲವರೇ. ಬಹುಮಂದಿ ಒಂದು ವರುಷವನ್ನೂ ಕಾಣುತ್ತಿರಲಿಲ್ಲ. ಮೂವತ್ತೈದು ವರುಷಗಳ ಕಾಲ ವೈದ್ಯರು ಹಲವು ಮದ್ದುಗಳನ್ನು ಹೋಲಿಸಿ ನೋಡಿದರೂ, ರೋಗಿಗಳ ಆಯುಸ್ಸನ್ನು ನಿಶ್ಚಯವಾಗಿ ಹೆಚ್ಚಿಸಿದುದು ಒಂದೂ ಸಿಕ್ಕಲಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುವುದು. ಮದ್ದನ್ನು ಕೊಟ್ಟಾಗ ರೋಗಿ ಚೇತರಿಸಿಕೊಂಡರೆ ಮದ್ದು ಒಳ್ಳೆಯದೆಂದು ಹೇಳಿಬಿಡಬಾರದೇ? ಬಾರದು, ಯಾಕಂದರೆ ಕೆಲವರು ಮದ್ದಿಲ್ಲದೆಯೂ ಚೇತರಿಸಿಕೊಳ್ಳುವರು, ಕೆಲವರು ಮದ್ದು ಕೊಟ್ಟರೂ ಉಳಿಯರು. ಆದುದರಿಂದ ಹೋಲಿಸಿ ನೋಡಬೇಕು. ೧೭೪೭ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯನು ಸ್ಕರ್ವಿ ರೋಗದಿಂದ ನರಳುತ್ತಿದ್ದ ಹನ್ನೆರಡು ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿಗಳಾಗಿ ವಿಂಗಡಿಸಿ, ಒಂದೊಂದು ಜೋಡಿಗೆ ಒಂದೊಂದು ಬಗೆಯ ಪದಾರ್ಥವನ್ನು ಕೊಟ್ಟು ನೋಡಿದನು. ಕಿತ್ತಳೆ ನಿಂಬೆಗಳನ್ನು ತಿಂದ ಜೋಡಿಯೇ ಬೇಗನೆ ಗುಣವಾಯಿತು. ಹೋಲಿಕೆಯ ಬಲವು ಇದರಲ್ಲಿ ಸ್ಪಷ್ಟವಾಗಿ ಕಾಣುವುದು.

ಆದರೆ ಯಾರಿಗೆ ಯಾವ ಮದ್ದು ಎಂಬುದನ್ನು ವೈದ್ಯನೇ ಆರಿಸಿದರೆ, ಬಲವುಳ್ಳ ರೋಗಿಗಳನ್ನು ತಿಳಿಯದೆಯೇ ಹೊಸ ಮದ್ದಿನ ಕಡೆಗೆ ಸೇರಿಸಿಬಿಡುವ ಸಂಭವವುಂಟು. ಈ ದೋಷವನ್ನು ನಿವಾರಿಸುವುದಕ್ಕಾಗಿ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಎಂಬ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞರು ಚೀಟಿ ಎತ್ತುವಂಥ ಕ್ರಮವನ್ನು ಬಳಕೆಗೆ ತಂದರು. ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಮದ್ದನ್ನು ಪರೀಕ್ಷಿಸಿದ ಪ್ರಯೋಗದ ವರದಿಯು ೧೯೪೮ರಲ್ಲಿ ಪ್ರಕಟವಾಯಿತು. ಅದರಲ್ಲಿ ೫೫ ಮಂದಿ ಮದ್ದನ್ನೂ ವಿಶ್ರಾಂತಿಯನ್ನೂ ಪಡೆದರು, ೫೨ ಮಂದಿ ವಿಶ್ರಾಂತಿಯನ್ನು ಮಾತ್ರ ಪಡೆದರು. ಆರು ತಿಂಗಳಲ್ಲಿ ಮೊದಲಿನ ಗುಂಪಿನಲ್ಲಿ ನಾಲ್ವರೂ ಎರಡನೆಯದರಲ್ಲಿ ಹದಿನಾಲ್ವರೂ ತೀರಿಕೊಂಡರು. ಮದ್ದು ಆಗ ಎಲ್ಲರಿಗೂ ಸಾಲುವಷ್ಟು ಇರಲಿಲ್ಲವಾದುದರಿಂದ, ಚೀಟಿಯ ಕ್ರಮವು ನ್ಯಾಯವಾದುದೆಂದೇ ಅವರು ಭಾವಿಸಿದರು.

ಈಗಿನ ಕ್ರಮದಲ್ಲಿ ಹೊಸ ಮದ್ದು ಮನುಷ್ಯರ ಬಳಿಗೆ ಬರುವ ಮುಂಚೆ ಪ್ರಯೋಗಶಾಲೆಯಲ್ಲಿಯೂ ಪ್ರಾಣಿಗಳಲ್ಲಿಯೂ ಪರೀಕ್ಷಿಸಲ್ಪಡುವುದು. ಬಳಿಕ ಮೂರು ಮೆಟ್ಟಲುಗಳುಂಟು. ಮೊದಲನೆಯದರಲ್ಲಿ ಕೆಲವೇ ಮಂದಿಗೆ ಕೊಟ್ಟು, ಎಷ್ಟು ಪ್ರಮಾಣವನ್ನು ದೇಹವು ತಾಳಬಲ್ಲುದೆಂದು ನೋಡುವರು. ಎರಡನೆಯದರಲ್ಲಿ ಇನ್ನಷ್ಟು ರೋಗಿಗಳಿಗೆ ಕೊಟ್ಟು, ರೋಗವು ಕುಗ್ಗುವ ಸೂಚನೆಯುಂಟೋ ಎಂದು ಪರಿಶೀಲಿಸುವರು. ಮೂರನೆಯದರಲ್ಲಿ ನೂರಾರು ಅಥವಾ ಸಾವಿರಾರು ರೋಗಿಗಳನ್ನು ಚೀಟಿಯ ಕ್ರಮದಿಂದ ಗುಂಪುಗಳಾಗಿ ಮಾಡಿ, ಹೊಸ ಮದ್ದನ್ನು ಅಂದಿಗೆ ದೊರೆಯುವ ಒಳ್ಳೆಯ ಚಿಕಿತ್ಸೆಯೊಡನೆ ಹೋಲಿಸುವರು. ಅನುಮತಿ ದೊರೆತ ಮೇಲೂ ಮದ್ದಿನ ಗುಣದೋಷಗಳನ್ನು ಗಮನಿಸುತ್ತಲೇ ಇರುವರು. ಕ್ಯಾನ್ಸರಿನ ಪ್ರಯೋಗಗಳಲ್ಲಿ ರೋಗಿಗೆ ಏನೂ ಕೊಡದೆ ಬಿಡುವರೆಂಬ ಭಯವು ಅನೇಕರಿಗುಂಟು. ತಕ್ಕ ಚಿಕಿತ್ಸೆಯು ಇರುವಾಗ ಸಾಮಾನ್ಯವಾಗಿ ಅದನ್ನು ತಪ್ಪಿಸುವುದಿಲ್ಲ. ಹಳೆಯ ಮದ್ದಿನೊಡನೆಯೇ ಹೊಸದನ್ನು ಹೋಲಿಸುವರು.

ಈಗ ಮೆಲನೋಮಕ್ಕೆ ಬರೋಣ. ನಮ್ಮ ರಕ್ತದಲ್ಲಿ ರೋಗಗಳೊಡನೆ ಹೋರಾಡುವ ಬಿಳಿಯ ಕಣಗಳುಂಟು. ಅವು ಅತಿಯಾಗಿ ಕೆರಳಿ ದೇಹವನ್ನೇ ಹಾಳು ಮಾಡದಂತೆ ಅವುಗಳಿಗೆ ಕಡಿವಾಣಗಳೂ ಉಂಟು. ಅಮೇರಿಕದ ಜೇಮ್ಸ್ ಆಲಿಸನ್ ಒಂದು ಕಡಿವಾಣದ ಮೇಲೆಯೂ ಜಪಾನಿನ ತಾಸುಕು ಹೊಂಜೊ ಇನ್ನೊಂದರ ಮೇಲೆಯೂ ಸಂಶೋಧನೆ ನಡೆಸಿದರು. ಇದಕ್ಕಾಗಿ ಅವರಿಬ್ಬರಿಗೂ ೨೦೧೮ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ಕಡಿವಾಣವನ್ನು ಸಡಿಲಿಸಿದರೆ ಬಿಳಿಯ ಕಣಗಳು ಕ್ಯಾನ್ಸರನ್ನು ಕೊಲ್ಲಬಲ್ಲವೆಂಬುದೇ ಈ ವಿಚಾರದ ತಿರುಳು. ಮೊದಲನೆಯ ಕಡಿವಾಣವನ್ನು ಸಡಿಲಿಸುವ ಇಪಿಲಿಮುಮಾಬ್ ಎಂಬ ಮದ್ದಿನ ಪ್ರಯೋಗವು ೬೭೬ ರೋಗಿಗಳಲ್ಲಿ ನಡೆದು ೨೦೧೦ರಲ್ಲಿ ಪ್ರಕಟವಾಯಿತು. ರೋಗಿಗಳಲ್ಲಿ ಅರ್ಧ ಮಂದಿ ಬದುಕಿದ್ದ ಕಾಲವು ಹೋಲಿಕೆಯ ಗುಂಪಿನಲ್ಲಿ ೬.೪ ತಿಂಗಳು, ಈ ಮದ್ದನ್ನು ಮಾತ್ರ ಪಡೆದವರಲ್ಲಿ ೧೦.೧ ತಿಂಗಳು. ಅಂತರವು ಅಲ್ಪವಾಗಿ ತೋರಬಹುದು. ಆದರೆ ಹಬ್ಬಿದ ಮೆಲನೋಮದ ರೋಗಿಗಳ ಆಯುಸ್ಸು ಹೆಚ್ಚಿತೆಂದು ಅಷ್ಟು ದೊಡ್ಡ ಪ್ರಯೋಗವೊಂದು ತೋರಿಸಿಕೊಟ್ಟುದು ಅದೇ ಮೊದಲು. ಅದೇ ಪ್ರಯೋಗದಲ್ಲಿ ಮದ್ದಿನ ದೋಷದಿಂದಲೇ ಹದಿನಾಲ್ಕು ಮಂದಿ ಸತ್ತರೆಂಬುದನ್ನೂ ವರದಿಯು ಮುಚ್ಚಿಡಲಿಲ್ಲ. ಲಾಭವನ್ನೂ ನಷ್ಟವನ್ನೂ ಒಂದೇ ಪುಟದಲ್ಲಿ ಬರೆಯುವುದೇ ಪ್ರಾಮಾಣಿಕವಾದ ಪ್ರಯೋಗದ ಲಕ್ಷಣ.

ಅದೇ ಕಾಲದಲ್ಲಿ ಬೇರೊಂದು ದಾರಿಯೂ ತೆರೆಯಿತು. ಸುಮಾರು ಅರ್ಧದಷ್ಟು ಮೆಲನೋಮಗಳಲ್ಲಿ ಬಿರಾಫ್ ಎಂಬ ಜೀನು ಕೆಟ್ಟಿರುವುದೆಂದು ೨೦೦೨ರಲ್ಲಿ ತಿಳಿದುಬಂದಿತ್ತು. ಆ ಕೆಟ್ಟ ಜೀನಿನ ಕೆಲಸವನ್ನು ತಡೆಯುವ ವೆಮುರಾಫೆನಿಬ್ ಗುಳಿಗೆಯನ್ನು ಅಂಥ ೩೨ ರೋಗಿಗಳಿಗೆ ಕೊಟ್ಟಾಗ ೨೬ ಮಂದಿಯ ಗಡ್ಡೆಗಳು ಕುಗ್ಗಿದವು. ಇಷ್ಟನ್ನು ಕಂಡ ಮೇಲೆ ಮೂರನೆಯ ಮೆಟ್ಟಲಿನ ಪ್ರಯೋಗದಲ್ಲಿ ಅರ್ಧ ಮಂದಿಗೆ ಹಳೆಯ ಡಕಾರ್ಬಜೀನನ್ನೇ ಕೊಡುವುದು ನ್ಯಾಯವೇ ಎಂದು ಅಮೇರಿಕದ ವೈದ್ಯರಲ್ಲಿಯೇ ದೊಡ್ಡ ವಾಗ್ವಾದವೆದ್ದಿತು. ಸಾಯುತ್ತಿರುವವನಿಗೆ ಚೀಟಿ ಎತ್ತಿ ಕೆಲಸಕ್ಕೆ ಬಾರದ ಮದ್ದನ್ನು ಕೊಡುವುದು ಕ್ರೂರತ್ವವೆಂದು ಕೆಲವರೆಂದರು. ಗಡ್ಡೆ ಕುಗ್ಗುವುದೇ ಬೇರೆ, ಆಯುಸ್ಸು ಹೆಚ್ಚುವುದೇ ಬೇರೆ. ತಿಂಗಳುಗಳಲ್ಲಿಯೇ ರೋಗವು ಮರಳುತ್ತಿರುವಾಗ ಹೋಲಿಸದೆ ಹೇಗೆ ತಿಳಿಯುವುದೆಂದು ಮತ್ತೆ ಕೆಲವರೆಂದರು. ಎರಡು ಪಕ್ಷದವರ ಮಾತಿನಲ್ಲಿಯೂ ನ್ಯಾಯವಿತ್ತು.

ಪ್ರಯೋಗವು ೬೭೫ ರೋಗಿಗಳಲ್ಲಿ ನಡೆಯಿತು. ಇಂಥ ಪ್ರಯೋಗಗಳಲ್ಲಿ ಚಿಕಿತ್ಸೆ ಕೊಡುವವರಿಗೆ ಸೇರದ ಬೇರೊಂದು ಮಂಡಲಿಯು ಆಗಾಗ್ಗೆ ಲೆಕ್ಕವನ್ನು ನೋಡುತ್ತಿರುವುದು. ಈ ಮಂಡಲಿಯವರು ಹೊಸ ಗುಳಿಗೆಯ ಲಾಭವು ನಿಸ್ಸಂದೇಹವಾಯಿತೆಂದು ಕಂಡೊಡನೆ, ಹಳೆಯ ಮದ್ದಿನ ಗುಂಪಿನವರಿಗೂ ಅದನ್ನು ಕೊಡತಕ್ಕದ್ದೆಂದು ಸಲಹೆ ಮಾಡಿದರು. ಆರು ತಿಂಗಳಲ್ಲಿ ಹೊಸ ಮದ್ದಿನವರಲ್ಲಿ ನೂರಕ್ಕೆ ೮೪, ಹಳೆಯ ಮದ್ದಿನವರಲ್ಲಿ ನೂರಕ್ಕೆ ೬೪ ಮಂದಿ ಬದುಕಿದ್ದರೆಂದು ೨೦೧೧ರ ವರದಿಯು ತಿಳಿಸಿತು. ಚೀಟಿಯಲ್ಲಿ ಹಳೆಯ ಮದ್ದು ಬಂದವರಲ್ಲಿ ಕೆಲವರಿಗೆ ಈ ಸಲಹೆಯು ತಡವಾಗಿ ಬಂದಿತೆಂಬುದು ನಿಜ. ಇಂದು ಆ ಮದ್ದಿನ ಬಗೆಗೆ ನಿಶ್ಚಯವಾಗಿ ಏನಾದರೂ ಹೇಳಬಲ್ಲೆವಾದರೆ, ಅದು ಅವರು ತೆತ್ತ ಬೆಲೆಯಿಂದಲೇ ಎಂಬುದನ್ನು ನಾವು ಮರೆಯಬಾರದು.

ಹೋಂಜೊ ಅವರ ಸಂಶೋಧನೆಯಿಂದ ಹುಟ್ಟಿದ ಪೆಂಬ್ರೊಲಿಜುಮಾಬ್, ನಿವೊಲುಮಾಬ್ ಎಂಬ ಮದ್ದುಗಳಿಗೆ ೨೦೧೪ರಲ್ಲಿ ಅಮೇರಿಕದ ಅನುಮತಿ ದೊರೆಯಿತು. ಬಳಿಕ ೯೪೫ ರೋಗಿಗಳನ್ನು ಮೂರು ಗುಂಪುಗಳಾಗಿ ಮಾಡಿದ ಪ್ರಯೋಗದ ಹತ್ತು ವರುಷಗಳ ಫಲಿತಾಂಶವು ೨೦೨೪ರಲ್ಲಿ ಹೊರಬಿದ್ದಿತು. ಇಪಿಲಿಮುಮಾಬ್ ಮಾತ್ರ ಪಡೆದವರಲ್ಲಿ ನೂರಕ್ಕೆ ೧೯, ನಿವೊಲುಮಾಬ್ ಮಾತ್ರ ಪಡೆದವರಲ್ಲಿ ೩೭, ಎರಡನ್ನೂ ಕೂಡಿಸಿ ಪಡೆದವರಲ್ಲಿ ೪೩ ಮಂದಿ ಹತ್ತು ವರುಷಗಳಾದ ಮೇಲೆಯೂ ಬದುಕಿದ್ದರು. ಒಂದು ವರುಷವನ್ನು ಕಾಣುವುದೇ ಕಷ್ಟವಾಗಿದ್ದ ರೋಗದಲ್ಲಿ ಇದು ಸಾಮಾನ್ಯವಾದ ಮಾತಲ್ಲ. ಆದರೆ ಎರಡು ಮದ್ದುಗಳನ್ನು ಕೂಡಿಸಿದಾಗ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕಠಿನವಾದ ಉಪದ್ರವಗಳಾದವು. ಕಡಿವಾಣ ಸಡಿಲಿದ ಬಿಳಿಯ ಕಣಗಳು ಕರುಳು, ಯಕೃತ್ತು, ಗ್ರಂಥಿಗಳ ಮೇಲೆಯೂ ಎರಗುವುದೇ ಇದಕ್ಕೆ ಕಾರಣ.

ಹೊಸತೆಲ್ಲವೂ ಮೇಲಾದುದೆಂಬ ನಂಬಿಕೆಯು ಎಷ್ಟು ಅಪಾಯಕರವೆಂಬುದಕ್ಕೂ ಇದೇ ರೋಗದಲ್ಲಿ ನಿದರ್ಶನವುಂಟು. ಎಪಕಾಡೊಸ್ಟಾಟ್ ಎಂಬ ಮದ್ದನ್ನು ಪೆಂಬ್ರೊಲಿಜುಮಾಬಿನೊಡನೆ ಕೂಡಿಸಿ ಸಣ್ಣ ಪ್ರಯೋಗಗಳನ್ನು ನಡೆಸಿದಾಗ ಫಲವು ಬಹಳ ಆಶಾದಾಯಕವಾಗಿ ಕಂಡಿತು. ೭೦೬ ರೋಗಿಗಳ ದೊಡ್ಡ ಪ್ರಯೋಗದಲ್ಲಿ ಹೋಲಿಸಿ ನೋಡಿದಾಗ ಅದನ್ನು ಕೂಡಿಸಿದುದರಿಂದ ಯಾವ ಲಾಭವೂ ಇಲ್ಲವೆಂದು ೨೦೧೮ರಲ್ಲಿ ತಿಳಿದುಬಂದಿತು. ಹೋಲಿಕೆಯ ಗುಂಪು ಇಲ್ಲದೆಹೋಗಿದ್ದರೆ ಸಾವಿರಾರು ರೋಗಿಗಳು ನಿಷ್ಪ್ರಯೋಜಕವಾದ ಮದ್ದನ್ನು ವರುಷಗಟ್ಟಲೆ ನುಂಗುತ್ತಿದ್ದರು.

ಪ್ರಯೋಗಗಳು ಮದ್ದಿನ ಗುಣವನ್ನಲ್ಲದೆ ಅದನ್ನು ಕೊಡತಕ್ಕ ಸಮಯವನ್ನೂ ತಿಳಿಸುವುವು. ದುಗ್ಧಗ್ರಂಥಿಗಳಲ್ಲಿ ಬೆಳೆದ ಮೆಲನೋಮವನ್ನು ಮೊದಲು ಕತ್ತರಿಸಿ ಬಳಿಕ ಮದ್ದು ಕೊಡುವುದು ರೂಢಿಯಾಗಿತ್ತು. ಗಡ್ಡೆಯು ದೇಹದಲ್ಲಿರುವಾಗಲೇ ಮದ್ದನ್ನು ಕೊಟ್ಟರೆ ಬಿಳಿಯ ಕಣಗಳು ಶತ್ರುವನ್ನು ಚೆನ್ನಾಗಿ ಗುರುತಿಸಲು ಕಲಿಯುವುವೆಂದು ಕೆಲವರು ತರ್ಕಿಸಿದರು. ನೆದರ್ಲೆಂಡಿನ ವೈದ್ಯರ ನೇತೃತ್ವದಲ್ಲಿ ೪೨೩ ರೋಗಿಗಳಲ್ಲಿ ಇದನ್ನು ಪರೀಕ್ಷಿಸಿ ೨೦೨೪ರಲ್ಲಿ ಪ್ರಕಟಿಸಿದರು. ಒಂದು ವರುಷದ ಮೇಲೆ ರೋಗವು ಹೆಚ್ಚದೆ ಅಥವಾ ಮರಳದೆ ಇದ್ದವರು ಮೊದಲೇ ಮದ್ದು ಪಡೆದವರಲ್ಲಿ ನೂರಕ್ಕೆ ಸುಮಾರು ೮೪, ಮೊದಲು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಸುಮಾರು ೫೭.

ನಮ್ಮ ಜನರು ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯುಂಟು. ಈ ದೊಡ್ಡ ಪ್ರಯೋಗಗಳಲ್ಲಿ ಸೇರಿದವರು ಬಹುಪಾಲು ಬಿಳಿಯ ಚರ್ಮದವರು. ಕಪ್ಪು ಕಂದು ಬಣ್ಣದವರಿಗೆ ಮೆಲನೋಮವು ಬಂದರೆ ಅದು ಹೆಚ್ಚಾಗಿ ಅಂಗಾಲಿನಲ್ಲಿಯೋ ಅಂಗೈಯಲ್ಲಿಯೋ ಉಗುರಿನ ಕೆಳಗೋ ತೋರುವುದು. ಅದಕ್ಕೆ ಬಿಸಿಲು ಕಾರಣವಲ್ಲ. ಜಮೈಕದ ಪ್ರಸಿದ್ಧ ಗಾಯಕ ಬಾಬ್ ಮಾರ್ಲಿಯ ಕಾಲ್ಬೆರಳಿನ ಉಗುರಿನಡಿಯಲ್ಲಿ ಹುಟ್ಟಿದುದು ಇದೇ ಬಗೆಯದು. ಆತನು ೧೯೮೧ರಲ್ಲಿ ತೀರಿಕೊಂಡನು. ಈ ಬಗೆಯಲ್ಲಿ ಬಿರಾಫ್ ಜೀನು ಕೆಟ್ಟಿರುವುದು ಕಡಿಮೆ, ಕಡಿವಾಣ ಸಡಿಲಿಸುವ ಮದ್ದುಗಳ ಫಲವೂ ಕಡಿಮೆ. ಹೀಗಿರುವುದರಿಂದ ಪರದೇಶದ ಪ್ರಯೋಗದ ಫಲವನ್ನು ಹಾಗೆಯೇ ಎತ್ತಿ ನಮ್ಮವರಿಗೆ ಹೇಳಲಾಗದು. ನಮ್ಮಂಥವರೂ ಪ್ರಯೋಗಗಳಲ್ಲಿ ಸೇರಿದ ಹೊರತು ನಮಗೆ ತಕ್ಕ ಉತ್ತರವು ದೊರೆಯದು. ಇನ್ನು ತಾಯಂದಿರು ತಿಳಿದಿರಬೇಕಾದುದೇನಂದರೆ, ಅಂಗಾಲಿನಲ್ಲಿ ದಿನೇ ದಿನೇ ಹರಡುವ ಕಪ್ಪು ಮಚ್ಚೆ, ಮಾಯದ ಹುಣ್ಣು, ಪೆಟ್ಟು ಬೀಳದೆ ಉಗುರಿನಲ್ಲಿ ಮೂಡಿ ಅಗಲವಾಗುವ ಕಪ್ಪು ಗೆರೆ—ಇವುಗಳನ್ನು ಮುಳ್ಳು ಚುಚ್ಚಿದ ಗಾಯವೆಂದು ಅಲಕ್ಷ್ಯ ಮಾಡದೆ ವೈದ್ಯರಿಗೆ ತೋರಿಸಬೇಕು.

ಕಡೆಯದಾಗಿ ಸಮ್ಮತಿಪತ್ರದ ವಿಷಯ. ಎರಡನೆಯ ಮಹಾಯುದ್ಧದಲ್ಲಿ ನಾಜಿ ವೈದ್ಯರು ಸೆರೆಯಾಳುಗಳ ಮೇಲೆ ನಡೆಸಿದ ಘೋರಕೃತ್ಯಗಳ ವಿಚಾರಣೆಯಾದ ಮೇಲೆ, ೧೯೪೭ರ ನ್ಯೂರೆಂಬರ್ಗ್ ಸಂಹಿತೆಯು ಮನುಷ್ಯನ ಸ್ವಂತ ಸಮ್ಮತಿಯಿಲ್ಲದೆ ಪ್ರಯೋಗವು ಸಲ್ಲದೆಂದು ಸಾರಿತು. ನಮ್ಮ ದೇಶದಲ್ಲಿ ಔಷಧಪ್ರಯೋಗಗಳನ್ನು ಬರೆದಿಡುವ ಸಾರ್ವಜನಿಕ ದಾಖಲೆಯು ೨೦೦೭ರಲ್ಲಿ ಆರಂಭವಾಗಿ, ಅದರಲ್ಲಿ ನೋಂದಾಯಿಸುವುದು ೨೦೦೯ರಿಂದ ಕಡ್ಡಾಯವಾಯಿತು. ೨೦೧೯ರ ನಿಯಮಗಳ ಪ್ರಕಾರ ನೀತಿಸಮಿತಿಯ ಒಪ್ಪಿಗೆಯಿಲ್ಲದೆ ಪ್ರಯೋಗವನ್ನು ನಡೆಸಲಾಗದು. ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು. ಓದು ಬಾರದವರಿಗೆ ನಿಷ್ಪಕ್ಷಪಾತಿಯಾದ ಸಾಕ್ಷಿ ಇರಬೇಕು. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆಯೂ ಪರಿಹಾರವೂ ಸಲ್ಲತಕ್ಕವು. ರೋಗಿಯು ಬೇಕಾದಾಗ ಹೊರಬರಬಹುದು. ಅದಕ್ಕಾಗಿ ಆತನ ಸಾಮಾನ್ಯ ಚಿಕಿತ್ಸೆಯನ್ನು ನಿಲ್ಲಿಸಲಾಗದು.

ಆದುದರಿಂದ ಅಂಥ ಕಾಗದವು ನಿಮ್ಮ ಕೈಗೆ ಬಂದಾಗ ಹೆದರಿ ಹರಿಯಬೇಡಿರಿ, ಓದದೆ ರುಜುವನ್ನೂ ಹಾಕಬೇಡಿರಿ. ಇದು ಎಷ್ಟನೆಯ ಮೆಟ್ಟಲಿನ ಪ್ರಯೋಗ? ಯಾವುದರೊಡನೆ ಹೋಲಿಸುವರು? ಈವರೆಗೆ ಕಂಡ ಉಪದ್ರವಗಳಾವುವು? ಸೇರದಿದ್ದರೆ ದೊರೆಯುವ ಚಿಕಿತ್ಸೆ ಯಾವುದು? ಹಾನಿಯಾದರೆ ಹೊಣೆ ಯಾರದು? ಈ ಐದು ಪ್ರಶ್ನೆಗಳನ್ನು ವಿನಯದಿಂದಲೂ ಸಂಕೋಚವಿಲ್ಲದೆಯೂ ಕೇಳಿರಿ; ಒಳ್ಳೆಯ ವೈದ್ಯರು ಇದಕ್ಕೆ ಬೇಸರಪಡರು. ಬಳಿಕ ಹಾಸಿಗೆಯಲ್ಲಿರುವವರಿಗೆ ಅವರ ಮಾತಿನಲ್ಲಿಯೇ ಎಲ್ಲವನ್ನೂ ತಿಳಿಸಿ, ನಿರ್ಧಾರವನ್ನು ಅವರಿಗೇ ಬಿಡಿರಿ. ಹೆಣ್ಣುಮಕ್ಕಳು ಕಲಿತ ಓದು ಮನೆಗೆ ಉಪಕಾರವಾಗುವ ಸಂದರ್ಭಗಳಲ್ಲಿ ಇದಕ್ಕಿಂತ ಹಿರಿದಾದುದು ಹೆಚ್ಚಾಗಿ ಇರಲಾರದು.