ವೇಗಕ್ಕೊಂದು ಆವರಣ

ಇರುಳು ಹೊತ್ತು ದೇವನಹಳ್ಳಿಯ ಹೆದ್ದಾರಿಯಿಂದ ಪಂದ್ಯಕ್ಕೆ ಬಿದ್ದ ಮೋಟಾರ್ ಬೈಕುಗಳ ಅಬ್ಬರ ಕೇಳಿಬಂದಾಗ ನನಗೆ 1903ರ ಪ್ಯಾರಿಸ್–ಮ್ಯಾಡ್ರಿಡ್ ಮೋಟಾರು ಪಂದ್ಯ ನೆನಪಾಗುತ್ತದೆ. ಸಾರ್ವಜನಿಕ ರಸ್ತೆಯ ಮೇಲೆಯೇ ನಡೆದ ಆ ಓಟದಲ್ಲಿ ಸ್ಪರ್ಧಿಗಳಲ್ಲದೆ ನೋಡಲು ಬಂದವರೂ ಮಡಿದರು. ಅದನ್ನು ಬೋರ್ಡೋ ನಗರದಲ್ಲಿಯೇ ನಿಲ್ಲಿಸಬೇಕಾಯಿತು. ಅದೇ ವರ್ಷ ಬ್ರಿಟನ್ನಿನ ಶಾಸನವೊಂದು ರಸ್ತೆಯ ವೇಗಕ್ಕೆ ಗಂಟೆಗೆ 20 ಮೈಲಿಯ ಮಿತಿ ಹಾಕಿತು. ಚಪಲವು ಶಾಸನಕ್ಕೆ ಬಗ್ಗೀತೆ? 1907ರಲ್ಲಿ ಲಂಡನ್ನಿಗೆ ಸಮೀಪದ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಪಂದ್ಯಕ್ಕೆಂದೇ ಕಾಂಕ್ರೀಟಿನ ಪಥವೊಂದು ಸಿದ್ಧವಾಯಿತು.

ಅದರ ತಿರುವುಗಳಲ್ಲಿ ಹೊರ ಅಂಚನ್ನು ಸುಮಾರು 30 ಅಡಿ ಎತ್ತರಿಸಿದ್ದರು. ತಿರುವಿನಲ್ಲಿ ವಾಹನವು ನೇರವಾಗಿಯೇ ಸಾಗಲು ಹವಣಿಸುತ್ತದೆ. ಸಮತಟ್ಟಾದ ನೆಲದಲ್ಲಿ ಅದನ್ನು ತಡೆಯುವುದು ಚಕ್ರದ ಹಿಡಿತವೊಂದೇ. ಒಳಕ್ಕೆ ಇಳಿಜಾರಾದ ನೆಲವಾದರೋ ತಾನೂ ಅದನ್ನು ಒಳಕ್ಕೆ ಒತ್ತುತ್ತದೆ.

ನಮ್ಮ ದೇಶದಲ್ಲಿ ಕಥೆ ಬೇರೆ. ಮದರಾಸಿನ ಬಳಿಯ ಶೋಲಾವರಂನಲ್ಲಿ ಎರಡನೆಯ ಮಹಾಯುದ್ಧದ ವಿಮಾನದ ಓಡುದಾರಿಯೇ ಪಂದ್ಯದ ಪಥವಾಯಿತು. ವಿಮಾನಕ್ಕೆ ಬೇಕಾದುದು ಚಪ್ಪಟೆ ನೆಲ. ತಿರುವಿಗೆ ಮುನ್ನ ಬ್ರೇಕನ್ನೇ ನಂಬಬೇಕು. ಪಂದ್ಯಕ್ಕೆಂದೇ ಕಟ್ಟಿದ ಪಥವು ಶ್ರೀಪೆರುಂಬುದೂರಿನ ಹತ್ತಿರ ಇರುಂಗಾಟ್ಟುಕೋಟ್ಟೈಯಲ್ಲಿ 1990ರಲ್ಲಿ ತೆರೆಯಿತು. 2011ರಲ್ಲಿ ಬಂದ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿನ ಉದ್ದ 5 ಕಿಲೋಮೀಟರಿಗೂ ತುಸು ಹೆಚ್ಚು. ಅಲ್ಲಿ ಫಾರ್ಮುಲಾ ಒನ್ ನಡೆದದ್ದು ಮೂರೇ ವರ್ಷ, 2013ರವರೆಗೆ.

ಈಚಿನ ಪಥಗಳಲ್ಲಿ ನನಗೆ ಮೆಚ್ಚುಗೆಯಾಗುವುದು ಓಟದ ದಾರಿಯಲ್ಲ, ತಿರುವಿನಾಚೆ ಖಾಲಿ ಬಿಟ್ಟ ಜಾಗ. ಹಿಡಿತ ತಪ್ಪಿದ ಕಾರು ಅಲ್ಲಿ ಹಾಸಿದ ಜಲ್ಲಿಯಲ್ಲಿ ಹೂತು ನಿಲ್ಲುತ್ತದೆ. ನಮ್ಮ ಹೆದ್ದಾರಿಯ ಅಂಚಿನಲ್ಲಿ ಬಸ್ಸಿಗೆ ಕಾಯುವವರು ನಿಂತಿರುತ್ತಾರೆ.